ಇಸಿಜಿ ನಾರ್ಮಲ್, ಆದರೂ ಎದೆಯಲ್ಲಿ ದಿಗಿಲು

ನಡುರಾತ್ರಿ ಎದೆ ಡವಡವ ಬಡಿದುಕೊಳ್ಳುತ್ತದೆ. ಉಸಿರು ಸಾಲದು, ಅಂಗೈ ಬೆವರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇನ್ನು ಉಳಿಯುವುದಿಲ್ಲ ಎಂದೇ ಅನಿಸಿಬಿಡುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನಂಥ ಊರಿನಿಂದ ಮನೆಯವರು ಸಿಕ್ಕಿದ ವಾಹನದಲ್ಲಿ ಉಡುಪಿಗೋ ಮಣಿಪಾಲಕ್ಕೋ ಧಾವಿಸುತ್ತಾರೆ. ಇಸಿಜಿ, ರಕ್ತಪರೀಕ್ಷೆ ಆಗುತ್ತದೆ. ಹೃದಯಕ್ಕೆ ಏನೂ ಆಗಿಲ್ಲ. ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡು ಮರಳುತ್ತಾರೆ. ಕೆಲವೇ ದಿನಗಳಲ್ಲಿ ಮತ್ತೆ ಅದೇ ಪಾಡು. ಹೀಗೆ ಮತ್ತೆ ಮತ್ತೆ ನರಳುವವರಲ್ಲಿ ಅನೇಕರಿಗಿರುವುದು ಪ್ಯಾನಿಕ್ ಡಿಸಾರ್ಡರ್. ಆತಂಕದ ಕಾಯಿಲೆಗಳಲ್ಲಿ ಇದೂ ಒಂದು.

ಮಂಡೆಬಿಸಿ ಯಾರಿಗಿಲ್ಲ? ಮಲ್ಪೆಯಿಂದ ಹೋದ ದೋಣಿ ತಡವಾದರೆ, ಗಲ್ಫಿನಲ್ಲಿರುವ ಮಗನ ಫೋನ್ ಬಾರದಿದ್ದರೆ ಮನಸ್ಸು ತಳಮಳಿಸುವುದು ಸಹಜ. ಆ ಆತಂಕ ಕಾಯಿಲೆಯಲ್ಲ, ಎಚ್ಚರ. ಕಾರಣಕ್ಕೆ ಮೀರಿದ ಭಯ, ಕಾರಣ ಕಳೆದರೂ ಹೋಗದ ಭಯ, ನಿದ್ದೆ, ದುಡಿಮೆ, ಓಡಾಟ ಕೆಡಿಸುವ ಭಯವಾದಾಗ ಮಾತ್ರ ವೈದ್ಯರು ಅದನ್ನು ಕಾಯಿಲೆ ಎನ್ನುತ್ತಾರೆ.

ಮೈಯಲ್ಲಿ ನಡೆಯುವುದೇನು? ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಚುರುಕಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಓಡಲು ಇಲ್ಲವೇ ಹೋರಾಡಲು ಬೇಕಾದ ಶಕ್ತಿಗಾಗಿ ಹೃದಯ ಜೋರಾಗಿ ಬಡಿಯುತ್ತದೆ, ಉಸಿರಾಟ ವೇಗವಾಗುತ್ತದೆ. ಓಡುವ ಕೆಲಸವೇ ಇಲ್ಲದೆ ಹೀಗೆ ಉಸಿರಾಡಿದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ತಲೆ ಹಗುರಾಗಿ ತಿರುಗುವುದು, ಬೆರಳು ಜುಮ್ಮೆನ್ನುವುದು ಇದರಿಂದಲೇ.

ಇಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ‘ಇದು ಹಾರ್ಟ್ ಅಟ್ಯಾಕೇ’ ಎಂಬ ಯೋಚನೆ ಬಂದೊಡನೆ ಭಯ ಇಮ್ಮಡಿಸುತ್ತದೆ. ಭಯದಿಂದ ಎದೆಬಡಿತ, ಎದೆಬಡಿತದಿಂದ ಮತ್ತೆ ಭಯ. ಮೈಯ ಸೂಚನೆಗಳನ್ನು ಅನಾಹುತವೆಂದು ತಪ್ಪಾಗಿ ಅರ್ಥೈಸುವ ಈ ಸುಳಿಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ದಿಗಿಲು ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಬಳಿಕ ತಾನಾಗಿಯೇ ಇಳಿಯುತ್ತದೆ. ಆದರೆ ಅದು ಮತ್ತೆ ಬಂದೀತೆಂಬ ಅಂಜಿಕೆ ಉಳಿದುಬಿಡುತ್ತದೆ. ಬಸ್ಸು ಬೇಡ, ಮದುವೆಮನೆ ಬೇಡ, ಒಬ್ಬರೇ ಎಲ್ಲಿಗೂ ಬೇಡ. ತಪ್ಪಿಸಿಕೊಂಡಷ್ಟೂ ಆ ಹೊತ್ತಿಗೆ ನೆಮ್ಮದಿ ಸಿಗುತ್ತದೆ, ಭಯ ಮಾತ್ರ ಬೇರೂರುತ್ತದೆ.

ಆದ್ದರಿಂದಲೇ ಚಿಕಿತ್ಸೆ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯುತ್ತದೆ. ಬಸ್ಸಿಗೆ ಹೆದರುವ ಒಬ್ಬರಿದ್ದಾರೆ ಎನ್ನಿ. ಮೊದಲು ಉಚ್ಚಿಲದ ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಲ್ಲುವುದು. ಅದು ರೂಢಿಯಾದ ಮೇಲೆ ಜೊತೆಗೊಬ್ಬರನ್ನು ಕರೆದುಕೊಂಡು ಕಾಪುವಿನವರೆಗೆ, ಆಮೇಲೆ ಒಬ್ಬರೇ ಕಟಪಾಡಿಗೆ, ಕೊನೆಗೆ ರಶ್ಶಿನ ಹೊತ್ತಿನಲ್ಲೇ ಉಡುಪಿಗೆ. ಎದೆ ಬಡಿದುಕೊಂಡರೂ ಇಳಿದು ಓಡದೆ ಕೂತಿದ್ದರೆ, ಏನೂ ಆಗಲಿಲ್ಲವೆಂದು ಮಿದುಳು ಅನುಭವದಿಂದಲೇ ಕಲಿಯುತ್ತದೆ. ಜೊತೆಗೆ ತಪ್ಪು ಯೋಚನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯೂ ಇರುತ್ತದೆ. ಅಗತ್ಯವಿದ್ದರೆ ಮಾತ್ರೆಯೂ ಉಂಟು. ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಇವು ಪರಿಣಾಮ ತೋರಲು ಕೆಲವು ವಾರ ಬೇಕು. ತಕ್ಷಣ ಶಮನ ಕೊಡುವ ಕೆಲವು ಮಾತ್ರೆಗಳು ಚಟವಾಗಬಲ್ಲವು. ಹಾಗಾಗಿ ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗುವಂತಿಲ್ಲ.

ಒಂದು ಎಚ್ಚರಿಕೆ: ಎದೆನೋವು ಬಂದಾಗ ದಿಗಿಲೆಂದು ನೀವೇ ತೀರ್ಮಾನಿಸಬೇಡಿ. ಹೃದಯ, ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಎಲ್ಲ ಸರಿಯಿದ್ದೂ ಮರುಕಳಿಸಿದರೆ ಮನೋವೈದ್ಯರ ಬಳಿ ಹೋಗಲು ಸಂಕೋಚ ಬೇಡ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ‘ಜನ ಏನಂದಾರು’ ಎಂಬ ಹಿಂಜರಿಕೆಯ ಪಾಲು ಇದರಲ್ಲಿ ಸಣ್ಣದಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ನೆರವು ದೂರವಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲೂ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದೇವರಿಗೆ ಹರಕೆ ಹೇಳಿಕೊಳ್ಳಿ, ದೈವಕ್ಕೂ ಕೈಮುಗಿಯಿರಿ. ಚಿಕಿತ್ಸೆಯನ್ನು ಮಾತ್ರ ಬಿಡಬೇಡಿ. ಮನೆಯವರು ‘ಧೈರ್ಯ ತಂದುಕೋ’ ಎಂದು ಗದರುವುದರ ಬದಲು ಮೊದಲ ಸಲ ಡಾಕ್ಟರ ಬಳಿಗೆ ಜೊತೆಯಾಗಿ ಹೋದರೆ, ಗುಣವಾಗುವ ಕೆಲಸ ಅಂದೇ ಶುರುವಾಗುತ್ತದೆ.