ಹೂವೆಂದವನು, ಹುಳುವೆಂದವನು

1706ರ ಚಳಿಗಾಲ. ದಕ್ಷಿಣ ಫ್ರಾನ್ಸಿನ ಮಾರ್ಸೇಲ್ ಬಳಿಯ ಕಡಲಿನಿಂದ ಬೆಸ್ತರು ಆಗಷ್ಟೇ ಮೇಲೆತ್ತಿದ್ದ ಕೆಂಪು ಹವಳದ ಕೊಂಬೆಗಳನ್ನು ಲುಯಿಜಿ ಮಾರ್ಸಿಲಿ ಎಂಬ ಇಟಲಿಯವನು ಸಮುದ್ರದ ನೀರಿದ್ದ ಗಾಜಿನ ಪಾತ್ರೆಯಲ್ಲಿ ಇಳಿಬಿಟ್ಟ. ಸೇನಾಧಿಕಾರಿಯಾಗಿದ್ದು ಆ ಕೆಲಸ ಕಳೆದುಕೊಂಡವನು, ಈಗ ಕಡಲನ್ನು ಅಳೆದು ನೋಡುವುದಕ್ಕೆ ಕೂತಿದ್ದ. ಮರುದಿನ ನೋಡಿದರೆ ಕೊಂಬೆಯ ತುಂಬ ಬಿಳಿ ಹೂ, ಒಂದೊಂದಕ್ಕೂ ಎಂಟೆಂಟು ಎಸಳು. ನೀರಿನಿಂದ ಹೊರಗೆ ತೆಗೆದರೆ ಮುದುಡಿಕೊಂಡವು, ಮತ್ತೆ ಮುಳುಗಿಸಿಟ್ಟರೆ ನಿಧಾನವಾಗಿ ಅರಳಿದವು. ಮಾರ್ಸಿಲಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹವಳ ಗಿಡವೇ ಎನ್ನುವುದಕ್ಕೆ ಕಣ್ಣೆದುರೇ ಸಾಕ್ಷಿ ಸಿಕ್ಕಿತ್ತು.

ಅಲ್ಲಿಯವರೆಗೆ ಹವಳವನ್ನು ಕಲ್ಲೆಂದವರೂ ಇದ್ದರು, ನೀರಿನಲ್ಲಿ ಮೆತ್ತಗಿದ್ದು ಗಾಳಿ ಸೋಕಿದೊಡನೆ ಗಟ್ಟಿಯಾಗುವ ಗಿಡವೆಂದವರೂ ಇದ್ದರು. ಅದರ ವ್ಯಾಪಾರಕ್ಕೆ ಮಾತ್ರ ಈ ಜಗಳ ಅಡ್ಡಿಯಾಗಲಿಲ್ಲ. ಮೆಡಿಟರೇನಿಯನ್ನಿನ ಕೆಂಪು ಹವಳ ಎರಡು ಸಾವಿರ ವರ್ಷಗಳಿಂದ ಭಾರತಕ್ಕೆ ಬರುತ್ತಿದೆ. ರೋಮನ್ನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂದು ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ನವರತ್ನಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, ನಮ್ಮ ಎಷ್ಟೋ ಮನೆಗಳ ಕರಿಮಣಿ ಸರದಲ್ಲಿ ಜಾಗ ಸಿಕ್ಕಿತು. ಕೊರಳಿಗೆ ಅಷ್ಟು ಹತ್ತಿರವಿದ್ದ ವಸ್ತು ಏನೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮಾರ್ಸೇಲಿನದೇ ವೈದ್ಯ ಝಾಂ-ಆಂದ್ರೆ ಪೆಯ್ಸೊನೆಲ್ ಮಾರ್ಸಿಲಿಯ ಹೂಗಳ ಸುದ್ದಿ ಬಲ್ಲವನು. ಮೊದಲು ಅವನೂ ಅವನ್ನು ಹೂಗಳೆಂದೇ ನಂಬಿದ್ದ. 1725ರಲ್ಲಿ ಉತ್ತರ ಆಫ್ರಿಕಾದ ಕರಾವಳಿಗೆ ಹೋದಾಗ ಬೆಸ್ತರ ನಡುವೆ ನಿಂತು ತಾನೇ ಪರೀಕ್ಷಿಸಿದ. ಹವಳವಿದ್ದ ಪಾತ್ರೆಯನ್ನು ಬೆಂಕಿಯ ಹತ್ತಿರ ಇಟ್ಟ. ಬಿಸಿ ತಾಗಿದಂತೆ ‘ಹೂಗಳು’ ಇನ್ನಷ್ಟು ಚಾಚಿಕೊಂಡವು. ಹುಳಿಯಾದ ದ್ರಾವಣ ಸೋಕಿಸಿದರೆ ಸರಕ್ಕನೆ ಒಳಸರಿದವು. ಕೊಳೆಯಲು ಬಿಟ್ಟರೆ ಬಂದದ್ದು ಕೊಳೆತ ಪ್ರಾಣಿಯ ನಾತ. ಯಾವ ಹೂ ಹೀಗೆ ನಾರುತ್ತದೆ? ಎಸಳೆಂದುಕೊಂಡದ್ದು ಆಹಾರ ಹಿಡಿಯುವ ತೋಳು, ಕೊಂಬೆಯೆಂದುಕೊಂಡದ್ದು ಪುಟ್ಟ ಪ್ರಾಣಿಗಳ ಒಂದು ಹಿಂಡು ಸೇರಿ ಕಟ್ಟಿದ ಗೂಡು ಎಂದು ಅವನು ತೀರ್ಮಾನಿಸಿದ. ಹೂವನ್ನು ಕಣ್ಣು ಒಪ್ಪಿತ್ತು, ಮೂಗು ಒಪ್ಪಲಿಲ್ಲ. ಮೂಗನ್ನು ನಂಬುವ ಧೈರ್ಯ ಅವನಿಗಿತ್ತು. ಈ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಇದು.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಇದು ರುಚಿಸಲಿಲ್ಲ. ಅಲ್ಲಿನ ಹಿರಿಯ ರೆಯೋಮ್ಯುರ್ 1727ರಲ್ಲಿ ಈ ವಾದವನ್ನು ತಳ್ಳಿಹಾಕಿದ. ಯುವಕನ ಮರ್ಯಾದೆ ಉಳಿಯಲೆಂದು ಅವನ ಹೆಸರನ್ನು ಹೇಳಲಿಲ್ಲ. ಕನಿಕರವೇ ಇರಬಹುದು, ಆದರೆ ಅದರಿಂದ ಪೆಯ್ಸೊನೆಲ್ ಮರೆಗೆ ಸರಿದ. ವೈದ್ಯನಾಗಿ ವೆಸ್ಟ್ ಇಂಡೀಸಿನ ಗ್ವಾದಲೂಪ್ ದ್ವೀಪ ಸೇರಿಕೊಂಡ. 1740ರ ಹೊತ್ತಿಗೆ ಹಾಲೆಂಡಿನಲ್ಲಿ ಅಬ್ರಹಾಂ ಟ್ರೆಂಬ್ಲೆ ಕೊಳದ ನೀರಿನ ಹೈಡ್ರಾ ಎಂಬ ಜೀವಿ, ನೋಡಲು ಗಿಡದಂತಿದ್ದರೂ ಹಿಡಿದು ತಿನ್ನುವ ಪ್ರಾಣಿ ಎಂದು ತೋರಿಸಿದ. ಸಸ್ಯವಿಜ್ಞಾನಿ ಬೆರ್ನಾರ್ ಜುಸ್ಯೂ ನಾರ್ಮಂಡಿಯ ಕಡಲತೀರಕ್ಕೇ ಹೋಗಿ, ಗಿಡವೆನಿಸಿಕೊಂಡವು ಪ್ರಾಣಿಗಳೇ ಎಂದು ನೋಡಿ ಬಂದ. ರೆಯೋಮ್ಯುರ್ 1742ರಲ್ಲಿ ಪೆಯ್ಸೊನೆಲ್‌ನ ಹೆಸರು ಹೇಳಿಯೇ, ಅವನದು ಸರಿಯಿತ್ತೆಂದು ಒಪ್ಪಿಕೊಂಡ.

ಹವಳ ಪ್ರಾಣಿಯೆಂದು ಇತ್ಯರ್ಥವಾಯಿತು. ಗಿಡದ ಮಾತು ಮಾತ್ರ ಅಲ್ಲಿಗೇ ಮುಗಿಯಲಿಲ್ಲ.

1779ರ ಬೇಸಿಗೆಯಲ್ಲಿ ಯಾನ್ ಇಂಗನ್‌ಹೌಸ್ ಎಂಬ ವೈದ್ಯ ಲಂಡನ್ ಹತ್ತಿರದ ಒಂದು ಮನೆಯಲ್ಲಿ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿದ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತದೆ, ಕತ್ತಲಲ್ಲಿ ಏಳುವುದಿಲ್ಲ. ಆ ಗುಳ್ಳೆಯಲ್ಲಿರುವುದು ನಾವು ಉಸಿರಾಡುವ ಆಮ್ಲಜನಕ. ಮರಗಳ ಬಗ್ಗೆ ನಾವು ಶಾಲೆಯಲ್ಲಿ ಕಲಿಯುವ ಪಾಠ ಹುಟ್ಟಿದ್ದು ಹೀಗೆ. ಸುಮಾರು ನೂರು ವರ್ಷಗಳ ಬಳಿಕ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಅದೇ ಪರೀಕ್ಷೆಯನ್ನು ಕಡಲಹೂವಿನ ಮೇಲೆ ಮಾಡಿದ. ಕಡಲಹೂ ಹವಳದ ಹತ್ತಿರದ ಬಳಗ, ಹೆಸರಿಗೆ ಹೂ, ಜಾತಿಯಲ್ಲಿ ಪ್ರಾಣಿ. ಅದರ ಮೈಯೊಳಗಿನ ಹಳದಿ ಕಣಗಳು ಪಾಚಿಯೆಂದು ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲಿ ಹೇಳಿದ್ದ. ಬಿಸಿಲಿಗಿಟ್ಟ ಕಡಲಹೂ ಎಲೆಯ ಹಾಗೆಯೇ ಆಮ್ಲಜನಕ ಬಿಡುತ್ತದೆಂದು ಗೆಡ್ಡೀಸ್ 1882ರಲ್ಲಿ ಪ್ರಕಟಿಸಿದ. ಮುಂದೆ ನಗರಯೋಜಕನಾಗಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, ವಿಜ್ಞಾನಿ ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದವನೂ ಇವನೇ. ಊರುಗಳನ್ನು ಯೋಜಿಸುವಾಗ ಮರ, ಕೆರೆಗಳನ್ನು ಉಳಿಸಬೇಕೆಂದು ಆತ ಹಟ ಹಿಡಿಯುತ್ತಿದ್ದುದರ ಹಿಂದೆ ಈ ಗುಳ್ಳೆಗಳ ನೆನಪೂ ಇದ್ದಿರಬೇಕು ಎಂದುಕೊಳ್ಳಲು ನನಗೆ ಇಷ್ಟ.

ಕರಿಮಣಿಯ ಕೆಂಪು ಹವಳದಲ್ಲಿ ಈ ಪಾಚಿ ಇಲ್ಲ. ಅದು ಮಬ್ಬು ಬೆಳಕಿನ ಆಳದಲ್ಲಿ ಬೆಳೆಯುವಂಥದ್ದು. ಉಷ್ಣವಲಯದ ಕಡಲಿನಲ್ಲಿ ದಿಬ್ಬ ಕಟ್ಟುವ ಹವಳಗಳು ಮಾತ್ರ ಅದಿಲ್ಲದೆ ಬಾಳಲಾರವು. 1928–29ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಮಾರಿಸ್ ಯಂಗ್ ತಂಡ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ, ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ಬೀಡುಬಿಟ್ಟು ಈ ಸಂಬಂಧವನ್ನು ಕೆದಕಿತು. ಹವಳ ಮಾಂಸಾಹಾರಿಯೇ, ಪಾಚಿ ಅದರ ಕೊಳೆ ತೆಗೆಯುತ್ತದೆ ಅಷ್ಟೆ ಎಂದು ಯಂಗ್ ಭಾವಿಸಿದ್ದ. 1950ರ ದಶಕದ ಕೊನೆಯಲ್ಲಿ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಹೋದವರಿಗೆ ಬೇರೆಯೇ ಲೆಕ್ಕ ಕಂಡಿತು. ಪಾಚಿ ಬಿಸಿಲಿನಲ್ಲಿ ಬೇಯಿಸಿದ ಊಟ ಹವಳದ ಮೈ ಸೇರುತ್ತಿತ್ತು. ಎಷ್ಟೋ ಜಾತಿಗಳಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಅಲ್ಲಿಂದಲೇ. ದಿಬ್ಬದಲ್ಲಿ ಹುಟ್ಟುವ ಆಮ್ಲಜನಕವನ್ನು ಹೆಚ್ಚುಕಡಿಮೆ ಆ ದಿಬ್ಬದ ಜೀವಿಗಳೇ ಬಳಸಿಕೊಳ್ಳುತ್ತವೆ, ಬೆಳೆದು ನಿಂತ ಕಾಡಿನ ಲೆಕ್ಕವೂ ಹಾಗೇ. ಹಾಗೆಂದು ಎರಡರ ಬೆಲೆಯೂ ಕಡಿಮೆಯಾಗುವುದಿಲ್ಲ. ಕಡಲಡಿಯ ಶೇಕಡಾ ಒಂದಕ್ಕಿಂತ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳು, ನಮಗೆ ಗೊತ್ತಿರುವ ಕಡಲಜೀವಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಸರೆ.

ಲೋ ಐಲ್ಸ್‌ನ ತಂಡ ಇನ್ನೊಂದನ್ನೂ ಗಮನಿಸಿತ್ತು: ನೀರು ಅತಿಯಾಗಿ ಬಿಸಿಯಾದರೆ ಹವಳ ತನ್ನ ಪಾಚಿಯನ್ನು ಹೊರಗೆ ಉಗುಳುತ್ತದೆ. ಕಾರಣ ಗೊತ್ತಾದದ್ದು ಬಹಳ ತಡವಾಗಿ. ಬಿಸಿ ಏರಿದಾಗ ಪಾಚಿಯ ಬೆಳಕು ಹಿಡಿಯುವ ಯಂತ್ರ ಕೆಡುತ್ತದೆ, ಅದೇ ಆಮ್ಲಜನಕ ಜೀವಕೋಶವನ್ನು ಸುಡುವ ಉಗ್ರ ರೂಪಗಳಿಗೆ ತಿರುಗುತ್ತದೆ. ಪಾಚಿ ಹೋದ ಹವಳ ಬಿಳುಚುತ್ತದೆ. ತಿಂಗಳುಗಳ ಕಾಲ ಪಾಚಿ ಮರಳದಿದ್ದರೆ ಹಸಿವಿನಿಂದ ಸಾಯುತ್ತದೆ.

ಇದು ದೂರದ ಕಡಲಿನ ಸುದ್ದಿಯಲ್ಲ. ಲಕ್ಷದ್ವೀಪದ ನೆಲವೇ ಹವಳ ಒಡೆದು, ಅರೆದು ಆದ ಮರಳು. ಅಲ್ಲಿನ ತೆಂಗು ಬೇರೂರಿರುವುದು ಅದರಲ್ಲಿ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆ ದ್ವೀಪಗಳ ಸುತ್ತ ಅಲೆ ತಡೆಯುವುದು ಹವಳದ ದಿಬ್ಬ. 1998ರಲ್ಲಿ ಅಲ್ಲಿನ ಹವಳ ಭಾರೀ ಪ್ರಮಾಣದಲ್ಲಿ ಬಿಳುಚಿ ಸತ್ತಿತು. ಅಲ್ಲಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳ ಮೇಲೆ ಕಣ್ಣಿಟ್ಟ ಸಂಶೋಧಕರು ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಕಂಡುಕೊಂಡರು. ಬಿಳುಚುವಿಕೆ ಇಲ್ಲದ ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ಚುರುಕಾಗುತ್ತದೆ ಎಂದೂ ಅವರ ಲೆಕ್ಕ ಹೇಳುತ್ತದೆ. 1998ರ ನಂತರ ಹವಳಕ್ಕೆ ಹನ್ನೆರಡು ವರ್ಷ ಬಿಡುವು ಸಿಕ್ಕಿತ್ತು. 2010ರ ಬಿಳುಚುವಿಕೆಯ ನಂತರ ಸಿಕ್ಕಿದ್ದು ಆರು. 2016ರ ಬಳಿಕ ಮತ್ತೆ ಚೇತರಿಸುತ್ತಿರುವಾಗಲೇ 2024ರ ಬೇಸಿಗೆಯಲ್ಲಿ ನೀರು ಇನ್ನೊಮ್ಮೆ ಕಾಯಿತು.