ಮದ್ದುಗುಂಡಿನ ಪೆಟ್ಟಿಗೆಯ ಹಲಗೆಯಲ್ಲಿ ಕ್ರಿಸ್ತನ ಮುಖ

ಉಕ್ರೇನಿನ ಪೂರ್ವಭಾಗದ ದೊನ್ಬಾಸ್ ಪ್ರಾಂತದಲ್ಲಿ ಯುದ್ಧವು ಆರಂಭವಾದ 2014ನೆಯ ವರ್ಷದಲ್ಲಿಯೇ ಕೀವ್ ನಗರದ ಚಿತ್ರಕಾರ ಒಲೆಕ್ಸಾಂದ್ರ್ ಕ್ಲಿಮೆಂಕೊ ಅವರು ಸೈನಿಕರ ಬಿಡಾರವೊಂದರಲ್ಲಿ ಮದ್ದುಗುಂಡು ತುಂಬಿ ತಂದ ಮರದ ಪೆಟ್ಟಿಗೆಗಳು ಬರಿದಾಗಿ ಬಿದ್ದಿದ್ದುದನ್ನು ಕಂಡರು. ಅವುಗಳ ಮುಚ್ಚಳವು ಐಕಾನ್ ಬರೆಯುವ ಹಲಗೆಯಂತೆಯೇ ಅವರಿಗೆ ತೋರಿತು. ಇದು ಕೇವಲ ಕಲ್ಪನೆಯಲ್ಲ. ಐಕಾನಿನ ಹಲಗೆಯು ಬಾಗಿ ಸೀಳದಿರಲೆಂದು ಅಡ್ಡಪಟ್ಟಿಗಳನ್ನು ಕೂಡಿಸುವುದು ಪೂರ್ವದ ಸಭೆಗಳಲ್ಲಿ ಹಳೆಯ ರೂಢಿ. ಗುಂಡಿನ ಪೆಟ್ಟಿಗೆಯ ಮುಚ್ಚಳವನ್ನೂ ಅಂಥ ಪಟ್ಟಿಗಳಿಂದಲೇ ಬಿಗಿದಿರುತ್ತಾರೆ. ಅಂದಿನಿಂದ ಅವರೂ ಅವರ ಪತ್ನಿ ಸೋನ್ಯಾ ಅತ್ಲಾಂತೋವಾ ಅವರೂ ಯುದ್ಧಭೂಮಿಯಿಂದ ಬಂದ ಹಲಗೆಗಳ ಮೇಲೆ ಕ್ರಿಸ್ತನನ್ನೂ ದೇವಮಾತೆಯನ್ನೂ ಸಂತರನ್ನೂ ಚಿತ್ರಿಸುತ್ತ ಬಂದಿದ್ದಾರೆ. ಮಾರಾಟದ ಹಣವು ಗಾಯಾಳುಗಳ ಶುಶ್ರೂಷೆಗಾಗಿ ಸ್ವಯಂಸೇವಕ ವೈದ್ಯರು ಕಟ್ಟಿದ ಪಿರೊಗೋವ್ ಸಂಚಾರಿ ಆಸ್ಪತ್ರೆಗೆ ಸಂದಿದೆ. ಮರಣವನ್ನು ಜೀವವಾಗಿ ಮಾರ್ಪಡಿಸುವುದೇ ತಮ್ಮ ಉದ್ದೇಶವೆಂದು ಅವರು ಹೇಳಿಕೊಂಡಿದ್ದಾರೆ.

ಐಕಾನ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಎರಡನೆಯ ಆಜ್ಞೆಯೇ ಮೊದಲು ನೆನಪಾಗುವುದು. ಆ ವಾದವನ್ನು ಇಲ್ಲಿ ಮತ್ತೆ ಎತ್ತಬೇಕಾಗಿಲ್ಲ. ದಮಸ್ಕದ ಯೋಹಾನನ ನಿಲುವನ್ನಷ್ಟೇ ನೆನೆದರೆ ಸಾಕು. ದೇವರು ಶರೀರಧಾರಿಯಾದ ಮೇಲೆ ಜಡವಸ್ತುವನ್ನು ಹೀನವೆಂದು ತಳ್ಳಿಬಿಡಲಾಗದು, ಅದರ ಮೂಲಕವೇ ನಮ್ಮ ರಕ್ಷಣೆಯು ನೆರವೇರಿತು ಎಂದು ಆತನು ವಾದಿಸಿದನು. 787ರ ಎರಡನೆಯ ನಿಕಾಯ ಮಹಾಸಭೆಯು ಐಕಾನುಗಳ ಗೌರವವನ್ನು ಎತ್ತಿಹಿಡಿಯಿತು. ಆದರೆ ಯೋಹಾನನು ಸಮರ್ಥಿಸಿದ ಮರವೂ ಬಣ್ಣವೂ ನಿರ್ದೋಷಿಗಳು. ಕೊಲೆಯ ಸಾಮಗ್ರಿಯನ್ನು ಹೊತ್ತು ಬಂದ ಮರದ ವಿಷಯದಲ್ಲಿಯೂ ಆ ಮಾತು ನಿಲ್ಲುವುದೋ? ಕೀವಿನ ಈ ದಂಪತಿಗಳ ಕೃತಿಗಳು ನಮ್ಮ ಮುಂದಿಡುವ ಪ್ರಶ್ನೆ ಇದು.

ಸಂಪ್ರದಾಯದ ಐಕಾನಿನಲ್ಲಿ ಹಲಗೆಯು ಕಾಣುವುದಿಲ್ಲ. ಅದಕ್ಕೆ ಬಟ್ಟೆ ಅಂಟಿಸಿ, ಸೀಮೆಸುಣ್ಣ ಮತ್ತು ಅಂಟಿನ ಲೇಪವನ್ನು ಪದರಪದರವಾಗಿ ಬಳಿದು, ನುಣುಪುಗೊಳಿಸಿ, ಚಿನ್ನದ ರೇಕು ಹಚ್ಚುತ್ತಾರೆ. ಇಲ್ಲಿಯಾದರೋ ಮರವು ಬರಿಮೈಯಲ್ಲಿ ಉಳಿದಿದೆ. ಮೊಳೆಯ ತೂತುಗಳು, ಬಿರುಕುಗಳು, ತುಕ್ಕು ಹಿಡಿದ ಕಬ್ಬಿಣದ ಕೊಂಡಿಗಳು ಸಂತರ ಮುಖಗಳ ಪಕ್ಕದಲ್ಲಿಯೇ ಇವೆ. ಹಲಗೆಯು ತಾನು ಎಲ್ಲಿಂದ ಬಂದೆನೆಂಬುದನ್ನು ಮುಚ್ಚಿಡುವುದಿಲ್ಲ. ಪುನರುತ್ಥಾನಗೊಂಡ ಕರ್ತನು ತೋಮನಿಗೆ ತೋರಿಸಿದ್ದು ಗಾಯ ಮಾಸಿಹೋದ ಕೈಗಳನ್ನಲ್ಲ (ಯೋಹಾ. 20:27), ಆ ಅಧ್ಯಾಯಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ದೊರೆಯುವುದು ಕಷ್ಟವೆಂದು ನಮಗೆ ತೋರುತ್ತದೆ.

ಯುದ್ಧದ ಸಾಮಗ್ರಿಯನ್ನು ಆರಾಧನೆಗೆ ತರುವ ಬೇರೊಂದು ರೀತಿಯೂ ಉಂಟು. ಮಾಸ್ಕೋ ಬಳಿಯ ಕುಬಿಂಕಾದಲ್ಲಿ ರಷ್ಯದ ಸೇನಾಪಡೆಗಳ ಮಹಾದೇವಾಲಯವನ್ನು 2020ರ ಜೂನ್ 14ರಂದು ಪಿತೃಪ್ರಧಾನ ಕಿರಿಲ್ ಪ್ರತಿಷ್ಠಿಸಿದರು. ಅದರ ಲೋಹದ ಮೆಟ್ಟಿಲುಗಳಿಗೆ ಎರಡನೆಯ ಮಹಾಯುದ್ಧದಲ್ಲಿ ಸೆರೆಹಿಡಿದ ಜರ್ಮನ್ ಆಯುಧಗಳನ್ನು ಕರಗಿಸಿ ಬೆರೆಸಲಾಗಿದೆ. ಅಲ್ಲಿಯೂ ಆಯುಧವು ರೂಪಾಂತರ ಹೊಂದಿದೆ. ಆದರೆ ವೈರಿಯ ಲೋಹವನ್ನು ತುಳಿಯುತ್ತ ದೇವರ ಸನ್ನಿಧಿಗೆ ಏರಬೇಕು. ಉಳಿ ತಾಕಿದ ಕಲ್ಲು ಯಜ್ಞವೇದಿಗೆ ಸಲ್ಲದೆಂದು ಹೇಳುವ ವಿಮೋಚನಕಾಂಡ 20:25ರಲ್ಲಿ ಉಳಿ ಎಂಬಲ್ಲಿ ಮೂಲ ಇಬ್ರಿಯದಲ್ಲಿರುವುದು ಕತ್ತಿಗೆ ಸಲ್ಲುವ ಶಬ್ದ. ಕುಬಿಂಕಾದ ಶಿಲ್ಪಿಗಳಿಗೆ ಈ ವಚನ ತಿಳಿಯದೆ ಇದ್ದೀತೇ! ವಿಜಯದ ಕುರುಹನ್ನು ಗುಡಿಗೆ ತರುವುದಕ್ಕೂ ಗಾಯದ ಕುರುಹನ್ನು ತರುವುದಕ್ಕೂ ಇರುವ ಅಂತರವು ಇಲ್ಲಿ ಕಾಣುತ್ತದೆ.

ಹಾಗೆಂದು ಕೀವಿನ ಹಲಗೆಗಳು ಪ್ರಶ್ನಾತೀತವಲ್ಲ. ಅವು ಸ್ವದೇಶದ ಸೈನಿಕರು ಬಳಸಿ ಬಿಟ್ಟ ಪೆಟ್ಟಿಗೆಗಳು; ಒಳಗಿದ್ದ ಗುಂಡುಗಳು ಯಾವ ತಾಯಿಯ ಮಗನನ್ನು ತಾಕಿದವೋ ಯಾರು ಬಲ್ಲರು? ಅವುಗಳ ವಿಷಯವಾಗಿ ಯೆಶಾಯನ ಗುಳಗಳನ್ನು (ಯೆಶಾ. 2:4) ಉದಾಹರಿಸುವುದು ಸುಲಭವಾದರೂ ಸರಿಯಲ್ಲ, ಏಕೆಂದರೆ ಪ್ರವಾದಿಯು ಕಂಡದ್ದು ಯುದ್ಧಾಭ್ಯಾಸವೇ ನಿಂತುಹೋದ ಕಾಲವನ್ನು. ಇಲ್ಲಿ ಹೊಸ ಪೆಟ್ಟಿಗೆಗಳು ಬರುತ್ತಲೇ ಇವೆ. ಸಭಾಪಿತೃವಾದ ಮಹಾ ಬಸಿಲನು ತನ್ನ ಹದಿಮೂರನೆಯ ಕಾನೂನಿನಲ್ಲಿ, ಯುದ್ಧದಲ್ಲಿ ಕೊಂದವರನ್ನು ಕೊಲೆಗಾರರೆಂದು ಎಣಿಸದಿದ್ದರೂ, ಅವರ ಕೈಗಳು ಶುದ್ಧವಲ್ಲವಾದುದರಿಂದ ಮೂರು ವರ್ಷ ಕರ್ತನ ಭೋಜನದಿಂದ ದೂರವಿರುವುದು ಒಳ್ಳೆಯದೆಂದು ಸಲಹೆಯಿತ್ತನು. ರಕ್ಷಿಸಲು ಹೋರಾಡಿದವನಿಗೂ ಮಾನಸಾಂತರದ ಕಾಲ ಬೇಕೆಂಬ ಈ ಪುರಾತನ ವಿವೇಕವನ್ನು ಆ ಹಲಗೆಗಳ ಪಕ್ಕದಲ್ಲಿಟ್ಟು ಓದಬೇಕು. ಐಕಾನು ಪೆಟ್ಟಿಗೆಗೆ ಪಾಪವಿಮೋಚನೆಯನ್ನು ಸಾರುವುದಿಲ್ಲ. ಕ್ರಿಸ್ತನ ದೃಷ್ಟಿಯನ್ನು ಅದರ ಮೇಲೆ ನಿಲ್ಲಿಸುತ್ತದೆ, ಅಷ್ಟೆ.

ಇದೇ ಸಂದಿಗ್ಧವನ್ನು ಐಕಾನಿನ ಭಾಷೆಯಿಲ್ಲದೆ ಎದುರಿಸಿದವರು ಝಾನ್ನಾ ಕದೀರೋವಾ. 2022ರಲ್ಲಿ ರಷ್ಯವು ಪೂರ್ಣಪ್ರಮಾಣದ ಆಕ್ರಮಣವನ್ನು ಆರಂಭಿಸಿದಾಗ ಅವರು ಕೀವನ್ನು ಬಿಟ್ಟು ದೇಶದ ಪಶ್ಚಿಮ ಅಂಚಿನ ಬೆಟ್ಟಸೀಮೆಯ ಹಳ್ಳಿಯೊಂದನ್ನು ಸೇರಿದರು. ಅಲ್ಲಿಯ ಹೊಳೆಯ ನೀರು ತಿಕ್ಕಿ ದುಂಡಾಗಿಸಿದ ಕಲ್ಲುಗಳು ರೊಟ್ಟಿಯಂತೆ ಕಂಡವು. ಅವನ್ನು ಹೋಳುಹೋಳಾಗಿ ಕತ್ತರಿಸಿ, ಮೇಜಿನ ಮೇಲೆ ಊಟಕ್ಕೆ ಬಡಿಸಿದಂತೆ ಜೋಡಿಸಿ, ಉಕ್ರೇನಿನ ದುಂಡು ರೊಟ್ಟಿಯ ಹೆಸರಾದ 'ಪಾಲ್ಯನಿತ್ಸ್ಯಾ' ಎಂಬುದನ್ನೇ ಕೃತಿಗೆ ಇಟ್ಟರು. ರೊಟ್ಟಿ ಕೇಳಿದ ಮಗನಿಗೆ ಕಲ್ಲು ಕೊಡುವವನುಂಟೇ ಎಂದು ಕರ್ತನು ಕೇಳಿದ ಪ್ರಶ್ನೆ (ಮತ್ತಾ. 7:9) ಆ ಮೇಜಿನ ಮುಂದೆ ಓದುಗನಿಗೆ ತಾನಾಗಿ ನೆನಪಾಗುವುದು.

ಆದರೆ ಆ ಹೆಸರಿನಲ್ಲಿ ಇನ್ನೊಂದು ಕಥೆಯಿದೆ. ರಷ್ಯನ್ ಭಾಷಿಕರ ನಾಲಗೆಗೆ ಈ ಶಬ್ದ ಸರಿಯಾಗಿ ಹೊರಳದೆಂಬ ನಂಬಿಕೆಯಿಂದ, ಎದುರಿಗಿರುವವನು ಸ್ವದೇಶಿಯೋ ವೈರಿಯೋ ಎಂದು ಪರೀಕ್ಷಿಸಲು ಯುದ್ಧಕಾಲದಲ್ಲಿ ಅದನ್ನು ಬಳಸಿದರು. ನ್ಯಾಯಸ್ಥಾಪಕರು 12ನೆಯ ಅಧ್ಯಾಯವನ್ನು ಬಲ್ಲವರು ಇಲ್ಲಿ ಬೆಚ್ಚಬೇಕು. ಯೊರ್ದನಿನ ಹಾಯಗಡಗಳಲ್ಲಿ ಗಿಲ್ಯಾದ್ಯರು 'ಷಿಬ್ಬೋಲೆತ್' ಎನ್ನಿಸಿ, 'ಸಿಬ್ಬೋಲೆತ್' ಎಂದವರನ್ನು ಕೊಂದರು. ಆ ಕಾಲದಲ್ಲಿ ಸತ್ತ ಎಫ್ರಾಯೀಮ್ಯರು 42,000. ಷಿಬ್ಬೋಲೆತ್ ಎಂದರೆ ತೆನೆ ಎಂಬ ಅರ್ಥವೂ ಉಂಟು. ಅಲ್ಲಿ ತೆನೆ, ಇಲ್ಲಿ ರೊಟ್ಟಿ. ಕದೀರೋವಾ ಈ ಶಬ್ದವನ್ನು ಕಲ್ಲಿನಲ್ಲಿ ಕೊಯ್ದು ಮೇಜಿನ ಮೇಲಿಟ್ಟರು. ಕತ್ತರಿಸಿದ ಹೋಳುಗಳು ನಿಜವಾದ ರೊಟ್ಟಿಯಂತೆಯೇ ಕೈಚಾಚುವಂತೆ ಮಾಡುತ್ತವೆ. ಮುಟ್ಟಿದ ಕೈಗೆ ದೊರೆಯುವುದು ಹೊಳೆಯ ಕಲ್ಲು.