ಗೋಬರ್ ಗ್ಯಾಸ್ ಪರೀಕ್ಷೆ: ಯಂತ್ರದ ಅಂಕಿ ಓದುವುದು ಹೇಗೆ?



ನಿಮ್ಮ ಗೋಬರ್ ಗ್ಯಾಸ್ ಘಟಕ ಪರೀಕ್ಷಿಸಲು ತಂತ್ರಜ್ಞರು ಗ್ಯಾಸ್ ಅಳೆಯುವ ಯಂತ್ರ ತಂದಾಗ ಪಕ್ಕದಲ್ಲೇ ನಿಂತು ನೋಡಿ. ಮೊದಲು ಯಂತ್ರವನ್ನು ಬಯಲು ಗಾಳಿಯಲ್ಲಿ ಚಾಲೂ ಮಾಡಿಸಿ. ಆಗ ಆಮ್ಲಜನಕ ಶೇ. 20.9, ಮೀಥೇನ್ ಸೊನ್ನೆ ತೋರಿಸಬೇಕು. ಇಲ್ಲದಿದ್ದರೆ ಯಂತ್ರವನ್ನು ಸರಿಪಡಿಸಿಯೇ ಅಳೆಯಬೇಕು.

ಪೈಪಿಗೆ ಜೋಡಿಸಿದ ಮೇಲೆ ಈ ನಾಲ್ಕು ಅಂಕಿ ಗಮನಿಸಿ:

• ಮೀಥೇನ್: ಉರಿಯುವುದು ಇದೇ. ಸಾಮಾನ್ಯವಾಗಿ ಶೇ. 55ರಿಂದ 65 ಇರುತ್ತದೆ.

• ಇಂಗಾಲದ ಡೈಆಕ್ಸೈಡ್: ಇದು ಹೆಚ್ಚಿದಷ್ಟೂ ಒಲೆಯ ಉರಿ ಮಂದ.

• ಆಮ್ಲಜನಕ: ಸೊನ್ನೆಯ ಹತ್ತಿರವಿರಬೇಕು. ಹೆಚ್ಚಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಪೈಪಿನ ಜೋಡಣೆ ನೋಡಿಸಿ.

• ಹೈಡ್ರೋಜನ್ ಸಲ್ಫೈಡ್: ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ. ಇದನ್ನು ಪಿಪಿಎಂ ಲೆಕ್ಕದಲ್ಲಿ ನೋಡಬೇಕು. ಶೇ. 1 ಎಂದರೆ 10,000 ಪಿಪಿಎಂ. ಯಂತ್ರವನ್ನು ಶೇಕಡಾ ಲೆಕ್ಕಕ್ಕೆ ಇಟ್ಟಿದ್ದರೆ 0.2 ಎಂದಷ್ಟೇ ಕಾಣುತ್ತದೆ. ಅದು ಅಲ್ಪವಲ್ಲ, 2,000 ಪಿಪಿಎಂ! ಉಸಿರಾಡಿದರೆ ಪ್ರಾಣಕ್ಕೇ ಅಪಾಯ.

ಸುಮಾರು 100 ಪಿಪಿಎಂ ಇದ್ದರೂ ಕೆಲವೇ ನಿಮಿಷಗಳಲ್ಲಿ ಮೂಗಿಗೆ ವಾಸನೆ ತಿಳಿಯದಂತಾಗುತ್ತದೆ. ಆದ್ದರಿಂದ ವಾಸನೆಯಿಲ್ಲವೆಂದು ನಂಬಿ ಗುಂಡಿಗೆ ಇಳಿಯಬೇಡಿ, ಮನೆಯವರನ್ನೂ ಇಳಿಸಬೇಡಿ. ಅಂಕಿ ಬರೆದುಕೊಳ್ಳುವಾಗ ಮುಂದೆ ಶೇಕಡಾವೋ ಪಿಪಿಎಂ ಆಗಿದೆಯೋ ಎಂಬುದನ್ನೂ ತಪ್ಪದೇ ಬರೆಯಿರಿ.